ಸೊಪ್ಪಿನ ಪಾಠ

ಶಿರಾದಿಂದ ಹಿರಿಯೂರಿನವರೆಗಿನ ಹೆದ್ದಾರಿಯಲ್ಲಿ ಗಾಡಿ ಕೆಟ್ಟು ನಿಂತವರಿಗೆಲ್ಲ ಶಶಿರೇಖಾಳ ದನಿ ಗೊತ್ತಿತ್ತು. ಮುಖ ಯಾರಿಗೂ ಗೊತ್ತಿರಲಿಲ್ಲ. ಹಿರಿಯೂರಿನ ಸಂತೆಯಲ್ಲಿ ಅವಳು ‘ಬದನೆಕಾಯಿ ಹೆಂಗಪ್ಪ?’ ಎಂದು ಬಾಯಿ ತೆರೆದರೆ ಸಾಕು, ಪಕ್ಕದಲ್ಲಿ ನಿಂತವರು ತಟಕ್ಕನೆ ತಿರುಗಿ ನೋಡುತ್ತಿದ್ದರು. ಒಮ್ಮೆ ಒಬ್ಬ ಮುದುಕ ಸಂತೆಯ ನಡುವೆಯೇ ಕೈಮುಗಿದುಬಿಟ್ಟ. ಅವನ ತುಂಬುಗರ್ಭಿಣಿ ಮಗಳು ಕೂತಿದ್ದ ಕಾರಿನಲ್ಲಿ ಹೊಗೆ ಎದ್ದಾಗ, ‘ಬಾನೆಟ್ ಎತ್ತಬೇಡಿ, ಸಾಮಾನು ಬಿಡಿ, ಎಲ್ಲರೂ ಎಡಗಡೆ ಬಾಗಿಲಿಂದ ಇಳಿಯಿರಿ’ ಎಂದು ಹೇಳಿ ಕೆಳಗಿಳಿಸಿದ್ದು ಈ ದನಿಯೇ. ಅವರು ಇಳಿದು ಇಪ್ಪತ್ತು ಹೆಜ್ಜೆ ನಡೆಯುವಷ್ಟರಲ್ಲಿ ಕಾರು ಭಗ್ಗೆಂದು ಹೊತ್ತಿಕೊಂಡಿತ್ತು.

ಆಳಿಲ್ಲದ ಲಾರಿಗಳು ಹೆದ್ದಾರಿಗೆ ಬಂದು ಆಗ ಆರು ವರ್ಷ. ಎಡಗಡೆಯ ಪಥ ಪೂರ್ತಿ ಅವುಗಳದ್ದೇ. ಗಂಟೆಗೆ ಎಂಬತ್ತು ಕಿಲೋಮೀಟರ್, ಅದರ ಮೇಲಿಲ್ಲ, ಕೆಳಗಿಲ್ಲ. ಡ್ರೈವರು ಕುಡಿದಿದ್ದ, ತೂಕಡಿಸಿದ ಎಂಬ ಮಾತೇ ಇಲ್ಲ. ಲಾರಿಗಳನ್ನು ನಡೆಸುವ ಸಂಚಲನ ಸಂಸ್ಥೆಯು ಹೆದ್ದಾರಿಗೆ ಬರುವ ಪ್ರತಿಯೊಂದು ಕಾರಿನ ಕನ್ನಡಿಯ ಹಿಂದೆ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಅಂಟಿಸಿತ್ತು. ಕಾರು ಇದ್ದಕ್ಕಿದ್ದಂತೆ ನಿಂತರೆ ಆ ಪೆಟ್ಟಿಗೆ ಮೊದಲು ಲಾರಿಗಳಿಗೆ ಸುದ್ದಿ ಮುಟ್ಟಿಸುತ್ತಿತ್ತು. ಎರಡು ಕಿಲೋಮೀಟರ್ ಹಿಂದಿನಿಂದಲೇ ಅವು ಸಾಲಾಗಿ ವೇಗ ತಗ್ಗಿಸುತ್ತಿದ್ದವು. ಆಮೇಲೆ ಕಾರಿನಲ್ಲಿದ್ದವರ ಜೊತೆ ಶಶಿರೇಖಾಳ ದನಿಯಲ್ಲಿ ಮಾತಾಡುತ್ತಿತ್ತು. ಹೆದರಿದವರಿಗೆ ಯಂತ್ರದ ದನಿ ರುಚಿಸುವುದಿಲ್ಲ. ಹಿರಿಯೂರಿನ ನಿಯಂತ್ರಣ ಕೊಠಡಿಯಲ್ಲಿ ಹನ್ನೊಂದು ವರ್ಷ ಫೋನೆತ್ತಿ ಪಳಗಿದ್ದ ಹೆಂಗಸಿನ ದನಿಯನ್ನು ಸಂಸ್ಥೆ ಹೀಗೆ ಬಳಸಿಕೊಂಡಿತು. ಅವಳೂ ಹೆಮ್ಮೆಯಿಂದಲೇ ಕೊಟ್ಟಳು.

ಎಲ್ಲ ಕಡೆಯೂ ಸರಿ ನಡೆಯಿತು, ಕರಿಗುಡ್ಡದ ಸೀಳೊಂದನ್ನು ಬಿಟ್ಟು. ಅಲ್ಲಿ ರಸ್ತೆಯನ್ನು ಬಂಡೆ ಸೀಳಿ ಮಾಡಿದ್ದರು. ಎರಡೂ ಕಡೆ ಎತ್ತರದ ಕಲ್ಲುಗೋಡೆ, ಅದರಲ್ಲಿ ಮೇಲೆ ಹತ್ತಲು ಕಡಿದ ಮೆಟ್ಟಿಲು, ನಡುವೆ ಒಂದು ತಿರುವು, ಅಂಚಿನಲ್ಲಿ ಅರ್ಧ ಕಾರು ನಿಲ್ಲುವಷ್ಟು ಜಾಗ. ಒಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಪೆಟ್ಟಿಗೆ ತನ್ನೊಳಗೆ ತುಂಬಿಟ್ಟ ಮಾತನ್ನು ಕಾರಿನವರಿಗೆ ಹೇಳಬಲ್ಲದು, ಲಾರಿಗೆ ಸುದ್ದಿ ಕಳಿಸಲಾರದು. ಲಾರಿ ತನ್ನ ಕಣ್ಣನ್ನೇ ನೆಚ್ಚಬೇಕು. ತಿರುವು ದಾಟಿ ನಿಂತ ಕಾರು ಕಣ್ಣಿಗೆ ಬೀಳುವಷ್ಟರಲ್ಲಿ ಬ್ರೇಕು ಹಿಡಿದು ಪ್ರಯೋಜನವಿಲ್ಲ.

ಈ ಸಮಸ್ಯೆಯನ್ನು ತಲೆಯಲ್ಲಿ ತುಂಬಿಕೊಂಡು ಪ್ರಹ್ಲಾದ ಜಮಖಂಡಿ ಒಂದು ಭಾನುವಾರ ಶಶಿರೇಖಾಳ ಮನೆಗೆ ಬಂದಿದ್ದ. ಧಾರವಾಡದವನು, ಲಾರಿಗಳ ಕಣ್ಣಿಗೆ ಪಾಠ ಹೇಳುವ ಇಂಜಿನಿಯರು, ಅವಳ ಮೇಲಧಿಕಾರಿ, ಅದಕ್ಕಿಂತ ಹೆಚ್ಚಾಗಿ ಸ್ನೇಹಿತ. ಅವನ ಗೋಳು ಕೇಳಿ ಜಗಲಿಯ ಮೇಲೆ ಕೂತಿದ್ದ ಅವಳ ಅಪ್ಪ ತಿಪ್ಪೇಶಪ್ಪ ನಕ್ಕುಬಿಟ್ಟ. ಮೂವತ್ತೆರಡು ವರ್ಷ ಬೊಂಬಾಯಿಗೆ ಲಾರಿ ಓಡಿಸಿದವನು ಆತ.

‘ಅಲ್ಲಾ ಇಂಜಿನಿಯರ್ರೇ, ನಮ್ ಕಾಲ್ದಾಗೆ ಯಾವ ಸಿಗ್ನಲ್ ಇತ್ತು? ಗಾಡಿ ಕೆಟ್ರೆ ಒಂದ್ ಕೊಂಬೆ ಹಸಿ ಸೊಪ್ಪು ಮುರ್ದು ಹಿಂದ್ಗಡೆ ರೋಡಿಗ್ ಹಾಕೋದು. ಅರವತ್ತು ಹೆಜ್ಜೆಗೊಂದು, ನೂರಿಪ್ಪತ್ತು ಹೆಜ್ಜೆಗೊಂದು. ಬುಡ ನಮ್ ಕಡೀಕೆ, ಎಲೆ ಬರೋರ ಕಡೀಕೆ. ಸೊಪ್ಪು ಕಂಡ್ರೆ ಪಂಜಾಬಿನೋನೂ ಕಾಲು ಬ್ರೇಕಿನ್ ಮೇಲಿಡ್ತಿದ್ದ. ನಿನ್ ಲಾರಿಗೂ ಅದ್ನೇ ಕಲ್ಸು.’

‘ಗಾಳಿಗೆ ಬಿದ್ದ ಸೊಪ್ಪು ಯಾವ್ದು, ಹಾಕಿದ ಸೊಪ್ಪು ಯಾವ್ದು ಅಂತ ಅದಕ್ಕ ಹೆಂಗ ತಿಳೀಬೇಕ್ರೀ ಕಾಕಾ?’

‘ಗಾಳಿಗೆ ಬಿದ್ದಿದ್ದು ಅಡ್ಡಾದಿಡ್ಡಿ ಬಿದ್ದಿರ್ತೈತೆ. ಹಾಕಿದ್ದಕ್ಕೆ ದಿಕ್ಕಿರ್ತೈತೆ.’

ಆ ಬೇಸಿಗೆಯಿಡೀ ಮೂವರೂ ರಸ್ತೆಗೆ ಬಿದ್ದರು. ಹೊಂಗೆ, ಬೇವು, ಬಂದರಿಕೆ, ಸಿಕ್ಕ ಸೊಪ್ಪನ್ನೆಲ್ಲ ಮುದುಕ ಮುರಿದು ಹಾಕುವುದು, ಪ್ರಹ್ಲಾದ ಚಿತ್ರ ತೆಗೆಯುವುದು, ಶಶಿರೇಖಾ ಪಟ್ಟಿ ಮಾಡುವುದು. ಹನ್ನೊಂದು ಸಾವಿರ ಚಿತ್ರ. ಪ್ರತಿ ಸಲವೂ ಮುದುಕ ಬಗ್ಗಿ ಸೊಪ್ಪನ್ನು ತೆಗೆದು ಬದಿಗೆ ಎಸೆಯುತ್ತಿದ್ದ. ‘ಹಾಕ್ದೋನೇ ತೆಗೀಬೇಕು. ಬಿಟ್ ಹೋದ್ರೆ ನಾಳೆ ಯಾರೂ ಸೊಪ್ಪಿಗೆ ಬೆಲೆ ಕೊಡಲ್ಲ’ ಎನ್ನುತ್ತಿದ್ದ. ಕರಿಗುಡ್ಡದ ಸೀಳಿನ ಬಾಯಲ್ಲಿ ಇಟ್ಟ ಹೊಂಗೆ ಕೊಂಬೆಯನ್ನು ಕಂಡು ಮೊದಲ ಲಾರಿ ಉಸ್ಸೆಂದು ನಿಧಾನಿಸಿದ ದಿನ ಪ್ರಹ್ಲಾದ ಆ ಮುದುಕನ ಕಾಲು ಮುಟ್ಟಿ ನಮಸ್ಕರಿಸಿದ. ಅದು ನಾಟಕವಾಗಿರಲಿಲ್ಲ.

ಪೆಟ್ಟಿಗೆಗೆ ಹೊಸ ಮಾತು ತುಂಬಿದಳು. ‘ಇದು ಸಿಗ್ನಲ್ ಇಲ್ಲದ ಜಾಗ. ಅರವತ್ತು ಹೆಜ್ಜೆ ಹಿಂದೆ ಒಂದು, ನೂರಿಪ್ಪತ್ತು ಹೆಜ್ಜೆ ಹಿಂದೆ ಒಂದು ಹಸಿ ಸೊಪ್ಪಿನ ಕೊಂಬೆ ಹಾಕಿ.’ ಬರೆದುಕೊಟ್ಟಿದ್ದು ಅಷ್ಟೇ. ಇನ್ನೆರಡು ಮಾತನ್ನು ಅವಳೇ ಸೇರಿಸಿದಳು: ‘ಲಾರಿಗಳಿಗೆ ಸೊಪ್ಪು ಗೊತ್ತು. ಧೈರ್ಯವಾಗಿರಿ.’ ಪ್ರಹ್ಲಾದ ದನಿಮುದ್ರಣದ ಕೋಣೆಯ ಗಾಜಿನ ಆಚೆಯಿಂದ ಹೆಬ್ಬೆರಳೆತ್ತಿ, ಇರಲಿ ಎಂದಿದ್ದ.

ಮರುವರ್ಷ ಮೇ ತಿಂಗಳ ಹದಿನಾರನೇ ತಾರೀಕು, ಬೆಳಿಗ್ಗೆ ಹನ್ನೊಂದೂ ಮುಕ್ಕಾಲಿಗೆ ನಿಯಂತ್ರಣ ಕೊಠಡಿಗೆ ಒಂದು ಕರೆ ಬಂತು. ಒಬ್ಬ ಮೇಷ್ಟರು, ದನಿ ಇನ್ನೂ ನಡುಗುತ್ತಿತ್ತು.

‘ಮೇಡಂ, ಕರಿಗುಡ್ಡದ್ ಹತ್ರ, ಶಿರಾ ಕಡೆ ಹೋಗೋ ರೋಡಲ್ಲಿ ನಮ್ ಕಾರು ಕೆಟ್ಟಿತ್ತು. ನೀವು ಹೇಳ್ದಂಗೇ ಸೊಪ್ಪು ಹಾಕಿದ್ವಿ. ನಾನು ಟೈರ್ ಬಿಚ್ಚಣ ಅಂತಿದ್ದೆ. ನಮ್ಮನೆಯೋರು ಬಿಡ್ಲಿಲ್ಲ, ಕಲ್ಲು ಮೆಟ್ಲು ಹತ್ತಿ ಮ್ಯಾಲ್ ಬನ್ನಿ ಅಂತ ಎಳ್ಕಂಡ್ ಹೋದ್ರು. ನಿಮ್ ಲಾರಿ ಸೊಪ್ಪಿನ್ ಮೇಲೇ ಬಂತು ಮೇಡಂ. ನಿಧಾನಾನೇ ಆಗ್ಲಿಲ್ಲ. ಕಾರಿನ್ ಕನ್ನಡಿ ಕಿತ್ಕಂಡ್ ಹೋಯ್ತು.’

‘ಸೊಪ್ಪು ಸರಿಯಾಗಿ ಹಾಕಿದ್ರಾ ಸಾರ್? ಬುಡ ನಿಮ್ ಕಡೆ ಇತ್ತಾ?’ ಎಂದು ಕೇಳಿದಳು. ತಪ್ಪು ಅವರದೇ ಇರಬೇಕು ಎಂದು ಅವಳಿಗೆ ಅಷ್ಟು ನಂಬಿಕೆ.

‘ನಾನು ಭೂಗೋಳ ಹೇಳಿಕೊಡೋನಮ್ಮ. ದಿಕ್ಕು ತಪ್ಪಲ್ಲ.’

ಅವರ ಕಾರನ್ನು ಎಳೆದು ತರಲು ಗಾಡಿ ಕಳಿಸಿ, ಆ ಲಾರಿ ದಾರಿಯಲ್ಲಿ ಕಂಡದ್ದನ್ನೆಲ್ಲ ಪರದೆಯ ಮೇಲೆ ತೆರೆದಳು. ಲಾರಿ ಸೊಪ್ಪನ್ನು ಕಂಡಿತ್ತು. ಕೊಂಬೆಯ ಸುತ್ತ ಅಚ್ಚುಕಟ್ಟಾಗಿ ಚೌಕ ಎಳೆದು, ಪಕ್ಕದಲ್ಲಿ ಒಂದು ಪದ ಬರೆದುಕೊಂಡಿತ್ತು: ಕಸ. ವೇಗದ ಗೆರೆ ನೂಲು ಹಿಡಿದಂತೆ ನೇರ, ಎಂಬತ್ತು. ಕೆಳಗೆ ಪಾಠ ಬದಲಾದ ತಾರೀಕು, ಫೆಬ್ರವರಿ ಇಪ್ಪತ್ತೊಂದು. ಒಪ್ಪಿಗೆ, ಪ್ರ. ಜಮಖಂಡಿ.

ಅವಳು ಎರಡು ಸಲ ಓದಿದಳು. ಬೇರೆ ಯಾವ ಜಮಖಂಡಿಯಾದರೂ ಇರಬಹುದೇ ಎಂದು ಒಂದು ಕ್ಷಣ ಯೋಚಿಸಿದಳು ಕೂಡ. ಮನುಷ್ಯರ ಮನಸ್ಸು ಎಷ್ಟು ಮೊಂಡು ನೋಡಿ.

ಪ್ರಹ್ಲಾದ ತನ್ನ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದ. ಅವಳು ಬಾಗಿಲಲ್ಲೇ ನಿಂತು ಕೇಳಿದಳು.

‘ಲಾರಿಗೆ ಸೊಪ್ಪು ಮರೆಸಿದ್ದೀರಾ ಸರ್?’

ಅವನು ಲೋಟ ಕೆಳಗಿಟ್ಟ. ಏನು ಎಂದು ಕೇಳಲಿಲ್ಲ. ಅದೇ ಉತ್ತರವಾಯಿತು.

‘ಕೂಡ್ರಿ ಶಶಿರೇಖಾ. ಹೇಳಬೇಕಂತನ ಮಾಡಿದ್ದೆ. ಜನ ಸೊಪ್ಪು ಹಾಕ್ತಾರ, ಗಾಡಿ ರಿಪೇರಿ ಆದ ಮ್ಯಾಲೆ ಹಂಗ ಬಿಟ್ಟು ಹೋಗ್ತಾರ. ಒಂದು ಬಿಟ್ಟ ಕೊಂಬಿಗೆ ದಿನಕ್ಕ ಮುನ್ನೂರು ಲಾರಿ ಬ್ರೇಕ್ ಹಾಕ್ತಾವ. ಮ್ಯಾಲಿನವ್ರು ಒಂದ ಸಮನ ಬೆನ್ನು ಹತ್ತಿದ್ರು. ಸೀಳಿನಾಗ ಸಿಗ್ನಲ್ ಕಂಬ ನಿಲ್ಲಸ್ತೀವಿ, ಅಲ್ಲಿ ತನಕ ಸೊಪ್ಪು ತಗದು ಹಾಕ್ರಿ ಅಂದ್ರು.’

‘ಕಂಬ ಎಲ್ಲಿ?’

‘ಬರ್ತದ.’

‘ನನ್ ದನಿ ಯಾಕ್ ಬದಲಾಯಿಸ್ಲಿಲ್ಲ ಹಾಗಾದ್ರೆ? ಪೆಟ್ಟಿಗೆ ಇವತ್ತಿಗೂ ಲಾರಿಗಳಿಗೆ ಸೊಪ್ಪು ಗೊತ್ತು ಅಂತಲೇ ಹೇಳ್ತಿದೆಯಲ್ಲ?’

ಅವನು ಕಿಟಕಿಯ ಕಡೆ ನೋಡಿದ. ‘ಮಾತು ಬದಲಿಸಿದ್ರ ಜನ ಯಾಕ ಅಂತ ಕೇಳ್ತಾರಲ್ರೀ. ಪೇಪರಿನಾಗ ಬರ್ತದ. ಕಂಬ ಬಂದ ಮ್ಯಾಲೆ ಎರಡೂ ಕೂಡೇ ಬದಲಿಸೋಣು ಅಂತ ಮಾತಾತು.’

ಎಂಬತ್ತನಾಲ್ಕು ದಿನ. ಈ ನಡುವೆ ಯುಗಾದಿ ಬಂದು ಹೋಗಿತ್ತು. ಅವಳ ಮನೆಯಲ್ಲಿ ನೆಲದ ಮೇಲೆ ಅಪ್ಪನ ಪಕ್ಕ ಕೂತು ಇವನು ಮೂರು ಒಬ್ಬಟ್ಟು ತಿಂದಿದ್ದ. ‘ನಮ್ ಸೊಪ್ಪು ಹೆಂಗೈತೆ ಇಂಜಿನಿಯರ್ರೇ?’ ಎಂದು ಅಪ್ಪ ಕೇಳಿದ್ದಕ್ಕೆ, ‘ಛಲೋ ಅದ ಕಾಕಾ’ ಎಂದು ತುಪ್ಪ ಹಾಕಿಸಿಕೊಂಡಿದ್ದ. ಅಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲ ಬಾಯಿಗೆ ತಾನೇ ತುಪ್ಪ ಬಡಿಸಿದೆನಲ್ಲ ಎಂದು ಅವಳಿಗೆ ಮೈಯೆಲ್ಲ ಹೇಸಿತು.

ಆಗ ಅವಳಿಗೆ ಇನ್ನೊಂದು ನೆನಪಾಯಿತು. ಬೆಳಿಗ್ಗೆ ಎಂಟಕ್ಕೇ ಅಪ್ಪ ತನ್ನ ಹಳೆಯ ಕಾರು ತೆಗೆದುಕೊಂಡು ಶಿರಾದ ಗಾಣಕ್ಕೆ ಕಡಲೆಕಾಯಿ ಎಣ್ಣೆ ತರಲು ಹೋಗಿದ್ದ. ಹಿಂದಿನ ಟೈರು ಸವೆದಿದೆ, ಬದಲಿಸಿಕೊಂಡು ಹೋಗು ಎಂದಿದ್ದಳು. ‘ಬಂದ್ ಮ್ಯಾಲೆ ನೋಡಣ ಬಿಡವ್ವ’ ಎಂದಿದ್ದ.

ಫೋನು ಮಾಡಿದಳು. ಸಂಪರ್ಕ ಸಿಗಲಿಲ್ಲ. ಓಡಿ ಬಂದು ಪರದೆಯ ಮೇಲೆ ಅಪ್ಪನ ಪೆಟ್ಟಿಗೆಯನ್ನು ಹುಡುಕಿದಳು. ಹನ್ನೆರಡೂ ಹತ್ತಕ್ಕೆ ಹಸಿರು ಚುಕ್ಕೆ ಕರಿಗುಡ್ಡದ ಸೀಳಿನೊಳಗೆ ಹೋಗಿತ್ತು. ದಾಟಲು ಒಂದು ನಿಮಿಷ ಸಾಕು. ಈಗ ಹನ್ನೆರಡೂ ಇಪ್ಪತ್ತೆರಡು. ಚುಕ್ಕೆ ಆಚೆ ಬಂದಿರಲಿಲ್ಲ.

‘ಎಲ್ಲಾ ಲಾರಿ ನಿಲ್ಸಿ ಸರ್!’

ಹಿಂದೆಯೇ ಓಡಿಬಂದಿದ್ದ ಪ್ರಹ್ಲಾದ ಚುಕ್ಕೆಯ ಪಕ್ಕದ ಹೆಸರನ್ನು ಓದಿದ. ಯಾರನ್ನೂ ಕೇಳದೆ ಕೆಂಪು ಗುಂಡಿ ಒತ್ತಿದ. ಅಷ್ಟು ಮಾತ್ರ ಅವನ ಪರವಾಗಿ ಹೇಳಬೇಕು. ಪರದೆಯ ಮೇಲೆ ಇದ್ದ ಲಾರಿಗಳೆಲ್ಲ ಇದ್ದಲ್ಲೇ ನಿಂತವು. ಆದರೆ ಒಂದು ಲಾರಿ ಅರ್ಧ ನಿಮಿಷದ ಹಿಂದಷ್ಟೇ ಸೀಳಿನೊಳಗೆ ಹೊಕ್ಕಿತ್ತು. ಅಲ್ಲಿಗೆ ಸಿಗ್ನಲ್ ಇಲ್ಲ. ಅದನ್ನು ನಿಲ್ಲಿಸಬಲ್ಲದ್ದು ಲೋಕದಲ್ಲಿ ಒಂದೇ ಒಂದು ಇತ್ತು, ರಸ್ತೆಯ ಮೇಲೆ ಬಿದ್ದ ಹಸಿ ಸೊಪ್ಪು. ಆ ಸೊಪ್ಪು ಎಂಬತ್ತನಾಲ್ಕು ದಿನದಿಂದ ಕಸ.

ಶಶಿರೇಖಾ ಮೈಕು ಎಳೆದುಕೊಂಡು ಎಲ್ಲ ಪೆಟ್ಟಿಗೆಗಳಿಗೂ ಒಟ್ಟಿಗೆ ಮಾತಾಡಿದಳು. ‘ನಾನು ಶಶಿರೇಖಾ. ಸೊಪ್ಪನ್ನು ನಂಬಬೇಡಿ. ಲಾರಿಗಳಿಗೆ ಸೊಪ್ಪು ಗೊತ್ತಿಲ್ಲ. ಕರಿಗುಡ್ಡದಲ್ಲಿ ಗಾಡಿ ಕೆಟ್ಟರೆ ಗಾಡಿ ಬಿಟ್ಟು ಮೆಟ್ಟಿಲು ಹತ್ತಿ.’ ಮೂರು ಸಲ ಹೇಳಿದಳು. ಹೆದ್ದಾರಿಯುದ್ದಕ್ಕೂ ನೂರಾರು ಕಾರುಗಳಲ್ಲಿ ಜನ ಅದನ್ನು ಕೇಳಿದರು. ಯಾರು ಕೇಳಬೇಕಿತ್ತೋ ಅವನೊಬ್ಬನಿಗೆ ಮಾತ್ರ ಅದು ತಲುಪುವಂತಿರಲಿಲ್ಲ. ಸೀಳಿನೊಳಗೆ ಅವನ ಕಿವಿಯ ಹತ್ತಿರ ಅವಳ ಇನ್ನೊಂದು ದನಿ, ತುಂಬಿಟ್ಟ ದನಿ, ಧೈರ್ಯವಾಗಿರಿ ಎನ್ನುತ್ತಿತ್ತು.

ಗಸ್ತಿನ ಜೀಪಿನಲ್ಲಿ ಅವಳು ಅಲ್ಲಿಗೆ ಹೋಗುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಹೊಂಗೆ ಕೊಂಬೆ ನೂರಿಪ್ಪತ್ತು ಹೆಜ್ಜೆಗೆ ಸರಿಯಾಗಿ ಬಿದ್ದಿತ್ತು, ಬುಡ ಈಚೆ, ಎಲೆ ಆಚೆ, ನಟ್ಟನಡುವೆ ಟೈರಿನ ಗುರುತು. ಅರವತ್ತು ಹೆಜ್ಜೆಗೆ ಇನ್ನೊಂದು. ಕಾರು ಬಂಡೆಗೆ ಒತ್ತಿಕೊಂಡು ಅರ್ಧವಾಗಿತ್ತು. ರಸ್ತೆ ತುಂಬ ಕಡಲೆಕಾಯಿ ಎಣ್ಣೆಯ ವಾಸನೆ. ಅಪ್ಪ ಜಾಕಿನ ಪಕ್ಕದಲ್ಲಿ ಬಿದ್ದಿದ್ದ. ಬಲಗಾಲು ಕಾರಿನ ಅಡಿಯಲ್ಲಿತ್ತು. ಜೀವವಿತ್ತು. ಅವಳನ್ನು ನೋಡಿ ಏನೋ ಹೇಳಲು ಹೋದ, ಮಾತು ಹೊರಡಲಿಲ್ಲ. ಮುರಿದ ಕನ್ನಡಿಯ ಹಿಂದೆ ಪೆಟ್ಟಿಗೆ ಮಾತ್ರ ಇನ್ನೂ ಮಾತಾಡುತ್ತಲೇ ಇತ್ತು.

ತುಮಕೂರಿನ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗಿನದನ್ನು ತೆಗೆದರು. ಆರನೇ ದಿನ ಪ್ರಹ್ಲಾದ ಬಂದ. ವಾರ್ಡಿನೊಳಗೆ ಬರಲಿಲ್ಲ, ಹೊರಗಿನ ಬೆಂಚಿನ ಮೇಲೆ ಕೂತು ಅವಳನ್ನು ಕರೆಸಿದ. ಕೈಯಲ್ಲಿ ಒಂದು ಕಟ್ಟು ಕಾಗದ, ತನಿಖೆಯ ವರದಿ.

ಅವಳು ನಿಂತೇ ಓದಿದಳು. ವಾಹನ ಚಾಲಕರು ತಪ್ಪು ಸೂಚನೆಯನ್ನು ಪಾಲಿಸಿ ರಸ್ತೆಯಲ್ಲಿ ಉಳಿದರು ಎಂದಿತ್ತು. ಕೆಳಗಿನ ಸಾಲಿನಲ್ಲಿ, ಸೂಚನೆ ನೀಡಿದವರು: ಶಶಿರೇಖಾ ಟಿ.

‘ಇದೇನ್ ಸರ್ ಇದು?’

‘ಪೆಟ್ಟಿಗ್ಯಾಗ ಸಿಕ್ಕ ದನಿ ನಿಮ್ದು ಅದ. ಲಾರಿಗಳಿಗೆ ಸೊಪ್ಪು ಗೊತ್ತು, ಧೈರ್ಯವಾಗಿರಿ ಅನ್ನೋದು ಬರದುಕೊಟ್ಟ ಮಾತಿನಾಗ ಇರಲಿಲ್ಲ, ನೀವ ಸೇರಿಸಿದ್ದು ಅಂತ...’

‘ಇರಲಿ ಅಂದಿದ್ದು ಯಾರು?’

ಅವನು ಜೇಬಿನಿಂದ ಪೆನ್ನು ತೆಗೆದು ಬೆಂಚಿನ ಮೇಲಿಟ್ಟ.

‘ಫೆಬ್ರವರಿ ಇಪ್ಪತ್ತೊಂದರ ಕಾಗದ ಎಲ್ಲಿ? ಅದ್ರಲ್ಲಿರೋ ಸಹಿ ಎಲ್ಲಿ?’

‘ಅದು ಒಳಗಿನ ಕಾಗದ ಶಶಿರೇಖಾ. ವರದಿಯೊಳಗ ಬರೂದಿಲ್ಲ.’ ದನಿ ತಗ್ಗಿಸಿದ. ‘ನನಗೂ ಹೆಂಡ್ತಿ ಮಕ್ಕಳು ಇದ್ದಾರ. ನೀವು ಸಹಿ ಮಾಡಿದ್ರ ಕಾಕಾನ ಆಸ್ಪತ್ರಿ ಖರ್ಚೆಲ್ಲಾ ಸಂಸ್ಥೆನ ನೋಡಿಕೊಳ್ತದ. ನಾ ಮಾತಾಡೇನಿ.’

ಬೈಯಬೇಕೆಂದು ಅವಳು ಆರು ದಿನದಿಂದ ಮಾತು ಕೂಡಿಟ್ಟುಕೊಂಡಿದ್ದಳು. ಅವನು ಎದುರು ಕೂತಾಗ ಒಂದೂ ಬಾಯಿಗೆ ಬರಲಿಲ್ಲ. ಕಾಲು ಮುಟ್ಟಿ ನಮಸ್ಕರಿಸಿದ ಮನುಷ್ಯ ಇವನೇ. ಆ ಕಾಲಲ್ಲಿ ಒಂದು ಈಗ ಇಲ್ಲ. ಅದನ್ನೇ ಹೇಳಿದಳು. ‘ಒಳಗ್ ಬನ್ನಿ ಸರ್. ಇನ್ನೊಂದು ಕಾಲಿದೆ, ಮುಟ್ಟಿ ನಮಸ್ಕಾರ ಮಾಡಿ ಹೋಗಿ.’

ಅವನು ಕಾಗದ ಎತ್ತಿಕೊಂಡು ಎದ್ದುಹೋದ. ಒಳಗೆ ಅಪ್ಪ ಕಣ್ಣು ಬಿಟ್ಟುಕೊಂಡೇ ಮಲಗಿದ್ದ. ‘ಇಂಜಿನಿಯರ್ರ ದನಿ ಕೇಳ್ತು. ಯಾಕ್ ಒಳಿಕ್ ಬರ್ಲಿಲ್ಲ?’ ಎಂದ. ಅವಳು ಎಲ್ಲವನ್ನೂ ಹೇಳಿದಳು, ಲಾರಿ ಬರೆದುಕೊಂಡಿದ್ದ ಆ ಒಂದು ಪದವನ್ನೂ. ಮುದುಕ ಗೋಡೆಯ ಕಡೆ ತಿರುಗಿದ.

ಅವಳು ಕೆಲಸ ಬಿಟ್ಟಳು. ಪತ್ರಿಕೆಯವರಿಗೆ ಹೇಳಿದಳು, ಪೊಲೀಸರಿಗೆ ಬರೆದುಕೊಟ್ಟಳು. ಒಳಗಿನ ಕಾಗದ ತೋರಿಸಿ ಎಂದರು, ಅವಳ ಬಳಿ ಇರಲಿಲ್ಲ. ನನ್ನ ದನಿ ನನಗೆ ವಾಪಸ್ಸು ಕೊಡಿ ಎಂದು ಸಂಸ್ಥೆಗೆ ಬರೆದಳು. ಕರಾರಿನ ಪ್ರಕಾರ ದನಿ ತಮ್ಮದು ಎಂದು ಎರಡು ಸಾಲಿನ ಉತ್ತರ ಬಂತು.

ಹದಿನೇಳನೇ ದಿನ ಅಪ್ಪನನ್ನು ಬಾಡಿಗೆ ಕಾರಿನಲ್ಲಿ ಊರಿಗೆ ಕರೆದುಕೊಂಡು ಹೊರಟಳು. ಹಿಂದಿನ ಸೀಟಿನಲ್ಲಿ ಅವನ ಕಾಲು, ಉಳಿದ ಕಾಲು, ಅವಳ ತೊಡೆಯ ಮೇಲಿತ್ತು. ಮಧ್ಯಾಹ್ನದ ಬಿಸಿಲು. ಶಿರಾ ದಾಟಿತು. ದೂರದಲ್ಲಿ ಕರಿಗುಡ್ಡ ಕಂಡಾಗ ಕನ್ನಡಿಯ ಹಿಂದಿನ ಪೆಟ್ಟಿಗೆ ಬಾಯಿ ತೆರೆಯಿತು.

‘ಮುಂದೆ ಸಿಗ್ನಲ್ ಇಲ್ಲದ ಜಾಗ. ಗಾಡಿ ಕೆಟ್ಟರೆ ಮೆಟ್ಟಿಲು ಹತ್ತಿ. ರಸ್ತೆಗೆ ಸೊಪ್ಪು ಹಾಕಬೇಡಿ. ಅದು ಅಪಾಯಕಾರಿ ಹಳೆಯ ಪದ್ಧತಿ. ಧೈರ್ಯವಾಗಿರಿ.’

ಅವಳದೇ ದನಿ. ಉಸಿರು ಎಳೆದುಕೊಳ್ಳುವ ರೀತಿಯೂ ಅವಳದೇ. ಆದರೆ ಈ ಮಾತನ್ನು ಅವಳು ಯಾವತ್ತೂ, ಯಾವ ಮೈಕಿನ ಮುಂದೆಯೂ ಆಡಿರಲಿಲ್ಲ. ಹಳೆಯ ಮಾತುಗಳ ಚೂರುಗಳಿಂದ ಯಂತ್ರ ಹೊಸದನ್ನು ಹೊಲಿದಿತ್ತು. ಅಪ್ಪನ ಮೂವತ್ತೆರಡು ವರ್ಷದ ಬದುಕನ್ನು ಮಗಳ ಬಾಯಿಂದಲೇ ಅಪಾಯಕಾರಿ ಎನ್ನಿಸಿದ್ದರು.

‘ಅಪ್ಪಾ, ಅದು ನಾನಲ್ಲ. ನಾನು ಹಂಗ್ ಹೇಳ್ಲಿಲ್ಲ ಕಣಪ್ಪ. ಲಾರಿಗೆ ಸೊಪ್ಪು ಮರೆಸಿದ್ ವಿಚಾರಾನೂ ನಂಗೆ ಗೊತ್ತಿರ್ಲಿಲ್ಲ.’

ಮುದುಕ ಪೆಟ್ಟಿಗೆಯನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಸಿಟ್ಟಿರಲಿಲ್ಲ, ದಣಿವಷ್ಟೇ ಇತ್ತು.

‘ನಾನಲ್ಲ ಅಂತ ಹೇಳ್ತಿರೋದೂ ಅದೇ ದನಿ ಅಲ್ವೇನವ್ವ’ ಎಂದ.

ಅವಳಿಗೆ ಅಳು ಬಂತು, ಕೋಪ ಬಂತು, ಮಾತು ಬರಲಿಲ್ಲ. ಏನು ಹೇಳಿದರೂ ಅದೇ ಗಂಟಲಿನಿಂದ ಬರಬೇಕು. ಸೀಳಿಗೆ ಇನ್ನೂರು ಮೀಟರು ಮೊದಲು ಅಗಲವಾದ ಮಣ್ಣಿನ ಜಾಗವಿತ್ತು. ಡ್ರೈವರನ ಭುಜ ತಟ್ಟಿ, ಅಲ್ಲಿ ನಿಲ್ಲಿಸುವಂತೆ ಕೈಸನ್ನೆ ಮಾಡಿದಳು. ಎಡಗಡೆ ಬಾಗಿಲಿನಿಂದ ಇಳಿದು, ಕಬ್ಬಿಣದ ತಡೆ ದಾಟಿ, ಅದರ ಆಚೆ ಬದಿಯಲ್ಲೇ ನಡೆದಳು.

ಸೀಳಿನ ಬಾಯಲ್ಲಿ ಹೊಂಗೆ ಕೊಂಬೆ ರಸ್ತೆಯಂಚಿಗೆ ಸರಿದು ಇನ್ನೂ ಬಿದ್ದಿತ್ತು. ಎಲೆ ಒಣಗಿ ತರಗಾಗಿತ್ತು. ಲಾರಿಯೊಂದು ಎಂಬತ್ತರಲ್ಲಿ ಹಾದುಹೋಗುವವರೆಗೆ ತಡೆಯ ಹಿಂದೆ ಕಾದು, ಬಗ್ಗಿ ಕೊಂಬೆಯನ್ನು ಎಳೆದುಕೊಂಡಳು. ಅದನ್ನು ದೂರ ಎಸೆದು, ಉದುರಿದ ಎಲೆಗಳನ್ನು ಸೆರಗಿನಿಂದಲೇ ಬಳಿದು ಚರಂಡಿಗೆ ಹಾಕಿದಳು. ಹಾಕಿದವನಿಗೆ ಈಗ ಇಳಿದು ಬಂದು ತೆಗೆಯುವ ಶಕ್ತಿ ಇರಲಿಲ್ಲ.

ತಿರುಗಿ ಬಂದಾಗ ಮುದುಕ ಕಿಟಕಿಯ ಗಾಜು ಇಳಿಸಿಕೊಂಡು ಅವಳು ಬಂದ ದಾರಿಯನ್ನೇ ನೋಡುತ್ತಿದ್ದ. ಅವಳು ಒಂದು ಮಾತೂ ಆಡದೆ ಒಳಗೆ ಕೂತು, ಅವನ ಕಾಲನ್ನು ಎತ್ತಿ ಮತ್ತೆ ತೊಡೆಯ ಮೇಲಿಟ್ಟುಕೊಂಡಳು. ಅವನು ಅವಳ ಅಂಗೈಯನ್ನು ಬಿಡಿಸಿ ನೋಡಿದ. ಅದಕ್ಕೆ ಅಂಟಿಕೊಂಡಿದ್ದ ಒಣ ಎಲೆಯ ಪುಡಿಯನ್ನು ತನ್ನ ಬೆರಳಿನಿಂದ ಮೆಲ್ಲಗೆ ಒರೆಸಿದ.